ಹೊಸ ಕಾರಿನ ಮಿಣುಕು ದೀಪಗಳು

ಹೊಸ ಕಾರು ಕೊಂಡಿದ್ದೀರಾ? ಸಂತೋಷ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಬಿಲ್ಡಿಂಗಿನವರಿಗೆಲ್ಲ ಪೇಡೆ ಹಂಚಿಯೂ ಆಗಿರಬೇಕು. ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿಲ್ಲ, ಅಲ್ಲವೇ? ಇರಲಿ, ಅದನ್ನು ತೆಗೆಯುವ ಮೊದಲು ನಾಲ್ಕು ಮಾತು ಕೇಳಿ.

ಹಿಂದೆ ಫಿಯಟ್, ಅಂಬಾಸಿಡರ್‌ಗಳು ಕೆಟ್ಟು ನಿಂತಾಗ ಬಾನೆಟ್ ಎತ್ತಿದರೆ ಸಾಕು, ಹಾದಿಯಲ್ಲಿ ಹೋಗುವವರೆಲ್ಲ ಮೆಕ್ಯಾನಿಕ್‌ಗಳೇ. ಒಬ್ಬರು ಪ್ಲಗ್ ಒರೆಸುತ್ತಿದ್ದರು, ನಾಲ್ವರು ತಳ್ಳುತ್ತಿದ್ದರು, ಗಾಡಿ ಹೊರಡುತ್ತಿತ್ತು. ಈಗಿನ ಕಾರಿನ ಹೊಟ್ಟೆಯಲ್ಲಿ ಹತ್ತಾರು ಪುಟ್ಟ ಕಂಪ್ಯೂಟರ್‌ಗಳಿವೆ. ಎಂಜಿನ್‌ಗೆ ಒಂದು, ಬ್ರೇಕಿಗೆ ಒಂದು, ಏರ್‌ಬ್ಯಾಗಿಗೆ ಒಂದು, ಬಾಗಿಲು ಕಿಟಕಿಗಳಿಗೆ ಮತ್ತೊಂದು. ಇವು ಜೋಡಿ ತಂತಿಗಳ ಮೇಲೆ ಸದಾ ಮಾತಾಡಿಕೊಳ್ಳುತ್ತಿರುತ್ತವೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿದ ‘ಕ್ಯಾನ್’ ಎಂಬ ವ್ಯವಸ್ಥೆ ಇದು. ಒಂದು ರೀತಿ ಕೂಡುಕುಟುಂಬವೆನ್ನಿ. ಒಬ್ಬರಿಗೆ ನೆಗಡಿಯಾದರೆ ಮನೆಮಂದಿಯೆಲ್ಲ ಸೀನುತ್ತಾರೆ.

ಪುಣೆಯಲ್ಲಿರುವ ನನ್ನ ಮೈದುನನ ಮಗಳ ಕಥೆಯನ್ನೇ ತೆಗೆದುಕೊಳ್ಳಿ. ಕಾರು ಕೊಂಡು ಮೂರು ತಿಂಗಳೂ ತುಂಬಿರಲಿಲ್ಲ. ಮಳೆಯ ಸಂಜೆ, ಖಂಡಾಲ ಘಾಟಿನ ಇಳಿಜಾರು, ಪಕ್ಕದಲ್ಲಿ ಅವಳ ತಾಯಿ. ಇದ್ದಕ್ಕಿದ್ದಂತೆ ಮುಂದಿನ ಫಲಕದಲ್ಲಿ ದೀಪಾವಳಿ! ಬ್ರೇಕು, ಏರ್‌ಬ್ಯಾಗು, ಸ್ಟೀರಿಂಗು, ಎಲ್ಲದರ ದೀಪವೂ ಒಟ್ಟಿಗೆ ಹತ್ತಿಕೊಂಡವು. ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಯಿತು. ಹೇಗೋ ಎಡಕ್ಕೆ ತಂದು ನಿಲ್ಲಿಸಿದಳು. ಹತ್ತು ನಿಮಿಷ ಬಿಟ್ಟು ಗುಂಡಿ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಕಾರು ಹೊರಟಿತು. ಸರ್ವಿಸ್ ಸೆಂಟರಿನವರು ಕಂಪ್ಯೂಟರ್ ಜೋಡಿಸಿ, ಅದರಲ್ಲಿದ್ದ ಹಳೆಯ ಕೋಡ್‌ಗಳನ್ನೆಲ್ಲ ಅಳಿಸಿ, “ಈಗ ಏನೂ ಫಾಲ್ಟ್ ಇಲ್ಲ ಮೇಡಂ” ಎಂದು ಕಳಿಸಿದರು. ಹೀಗೆ ಮೂರು ಸಲ. ನಾಲ್ಕನೆಯ ಸಲ ವಯಸ್ಸಾದ ಕೆಲಸಗಾರರೊಬ್ಬರು ಕಂಪ್ಯೂಟರನ್ನು ಮುಟ್ಟದೆ, ಬ್ಯಾಟರಿಯಿಂದ ಬಂದ ನೆಗೆಟಿವ್ ತಂತಿ ಕಾರಿನ ಮೈಗೆ ಸೇರುವ ಕಡೆ ಕೈಯಾಡಿಸಿದರು. ಬೋಲ್ಟು ಸಡಿಲವಾಗಿತ್ತು. “ದೊಡ್ಡಮ್ಮಾ, ಒಂದೇ ಒಂದು ಬೋಲ್ಟು! ಅಮ್ಮ ಈಗಲೂ ನನ್ನ ಕಾರು ಹತ್ತುವುದಿಲ್ಲ” ಎಂದು ಫೋನಿನಲ್ಲಿ ಅಳು ನಗು ಎರಡೂ.

ಇದರಲ್ಲಿ ಮಾಯಮಂತ್ರವೇನಿಲ್ಲ. ಮನೆಯಲ್ಲಿ ವೋಲ್ಟೇಜ್ ಇಳಿದರೆ ಟ್ಯೂಬ್‌ಲೈಟ್ ಮಿಣಮಿಣ ಎನ್ನುತ್ತದೆ, ಮಿಕ್ಸಿ ಗೊರಗುಟ್ಟುತ್ತದೆ. ಕಾರಿನಲ್ಲೂ ಅಷ್ಟೆ. ಚೆನ್ನಾಗಿರುವ ಬ್ಯಾಟರಿ, ಗಾಡಿ ನಿಂತಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ 14ರ ಆಸುಪಾಸು. ಅದು ಕುಸಿದರೆ ಕಂಪ್ಯೂಟರ್‌ಗಳು ತಬ್ಬಿಬ್ಬಾಗಿ ಇಲ್ಲದ ರೋಗಗಳನ್ನೆಲ್ಲ ಹೇಳತೊಡಗುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ಹಲವು ದೀಪಗಳು ಏಕಕಾಲಕ್ಕೆ ಹತ್ತಿದರೆ ಮೊದಲ ಅನುಮಾನ ಬ್ಯಾಟರಿ ಮತ್ತು ಅದರ ಜೋಡಣೆಗಳ ಮೇಲೇ ಇರಲಿ. ಬ್ಯಾಟರಿ ಕಾರುಗಳೂ ಇದಕ್ಕೆ ಹೊರತಲ್ಲ. ದೊಡ್ಡ ಬ್ಯಾಟರಿ ತುಂಬಿದ್ದರೂ ಅದನ್ನು ಎಬ್ಬಿಸಲು ಪುಟ್ಟ 12 ವೋಲ್ಟಿನ ಬ್ಯಾಟರಿಯೇ ಬೇಕು. ಈ ಪುಟ್ಟ ಬ್ಯಾಟರಿಗೆ ವಿದ್ಯುತ್ ಉಣಿಸುವ ಘಟಕದ ತೊಂದರೆಗಾಗಿ 2024ರಲ್ಲಿ ಹ್ಯುಂಡೈ ತನ್ನ ಅಯಾನಿಕ್ 5, ಕಿಯಾ ತನ್ನ ಇವಿ6 ಕಾರುಗಳನ್ನು ಭಾರತದಲ್ಲಿ ಹಿಂದಕ್ಕೆ ಕರೆಸಿಕೊಂಡವು.

ಊರಿಗೆ ಹೋಗುವಾಗ ಕಾರಿಗೆ ಮುಸುಕು ಹಾಕಿ ಮೂರು ವಾರ ನಿಲ್ಲಿಸುತ್ತೇವಲ್ಲ, ಆಗಲೂ ಅದು ಪೂರ್ತಿ ನಿದ್ದೆ ಮಾಡುವುದಿಲ್ಲ. ಅಲಾರಂ, ಕೀಲಿ ಗುರುತಿಸುವ ಸಾಧನ, ಮೊಬೈಲ್ ಸಂಪರ್ಕ ಎಲ್ಲವೂ ಚೂರುಚೂರೇ ವಿದ್ಯುತ್ ಹೀರುತ್ತಿರುತ್ತವೆ. ಹೊರಗಿನವರಿಂದ ಹಾಕಿಸಿದ ಕ್ಯಾಮೆರಾ ಇದ್ದರಂತೂ ಬ್ಯಾಟರಿ ಬರಿದು. ದಿನಾ ಭಾಜಿ ಮಾರ್ಕೆಟ್‌ವರೆಗಿನ ಎರಡು ಕಿಲೋಮೀಟರ್ ಓಡಿಸಿದರೆ ಖರ್ಚಾದದ್ದು ತುಂಬಿಕೊಳ್ಳುವುದೂ ಇಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಸರಿಯಾಗಿ ಓಡಿಸಿ. ಅಗ್ಗಕ್ಕೆ ಸಿಕ್ಕಿತೆಂದು ತಂತಿ ಕತ್ತರಿಸಿ ಹಾರ್ನು, ಬಣ್ಣದ ದೀಪ ಹಾಕಿಸಬೇಡಿ. ಮುಂದೆ ವಿದ್ಯುತ್ ಭಾಗ ಯಾವುದು ಕೆಟ್ಟರೂ ವಾರಂಟಿ ನಿರಾಕರಿಸಲು ಅವರಿಗೆ ನೀವೇ ನೆಪ ಕೊಟ್ಟ ಹಾಗೆ.

ಕೀಲಿಯ ವಿಷಯ ಮುಖ್ಯವಾಗಿ ಹೆಂಗಸರಿಗೆ ಹೇಳಬೇಕು. ಜೇಬಿನಲ್ಲಿದ್ದರೆ ಸಾಕೆನ್ನುವ ಸ್ಮಾರ್ಟ್ ಕೀಲಿಯೊಳಗೂ ಒಂದು ಗುಂಡನೆಯ ಸೆಲ್ ಇದೆ. ಅದು ಸತ್ತರೆ ಬಾಗಿಲು ತೆರೆಯದು. ಆದರೆ ಬಹುತೇಕ ಕೀಲಿಗಳ ಹೊಟ್ಟೆಯಲ್ಲೇ ಲೋಹದ ಚಿಕ್ಕ ಕೀಲಿ ಅಡಗಿರುತ್ತದೆ. ಅದರಿಂದ ಬಾಗಿಲು ತೆಗೆದು, ಸ್ಮಾರ್ಟ್ ಕೀಲಿಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದರೆ ಹಲವು ಕಾರುಗಳು ಹೊರಡುತ್ತವೆ. ನಿಮ್ಮ ಕಾರಿನಲ್ಲಿ ಹೇಗೆಂದು ಈಗಲೇ ಕೈಪಿಡಿ ತೆಗೆದು ನೋಡಿ. ಕೈಪಿಡಿ ದಪ್ಪವಿದೆ, ಬಲ್ಲೆ. ಬಿ.ಎ.ಯಲ್ಲಿ ಷೇಕ್ಸ್‌ಪಿಯರ್ ಓದುವಾಗಲೂ ನಾನು ಇಷ್ಟು ಅಡಿಟಿಪ್ಪಣಿ ಕಂಡಿರಲಿಲ್ಲ.

ಇನ್ನು ಮುಂಬಯಿಯ ಮಳೆ ಮತ್ತು ಇಲಿ. ಮಾರುತಿ ಕಂಪನಿ 2021ರಲ್ಲಿ ಮೋಟಾರ್ ಜನರೇಟರ್ ಘಟಕದ ತಪಾಸಣೆಗೆಂದು 1,81,754 ಕಾರುಗಳನ್ನು ಕರೆಸಿದಾಗ, ಅಲ್ಲಿಯವರೆಗೆ ನೀರು ನಿಂತ ರಸ್ತೆಗೆ ಇಳಿಯಬೇಡಿ, ವಿದ್ಯುತ್ ಭಾಗಗಳಿಗೆ ನೇರ ನೀರು ಹಾಯಿಸಬೇಡಿ ಎಂದು ಮಾಲೀಕರಿಗೆ ತಿಳಿಸಿತ್ತು. ಕಾರು ತೊಳೆಯುವ ಹುಡುಗ ಪೈಪು ಹಿಡಿದು ಬಾನೆಟ್ ತೆಗೆದರೆ ತಡೆಯಿರಿ. ಇಲಿಗಳಿಗೋ ಎಂಜಿನ್ನಿನ ಬಿಸಿ ಇಷ್ಟ, ತಂತಿ ಇನ್ನೂ ಇಷ್ಟ. ನಮ್ಮ ಸೊಸೈಟಿಯಲ್ಲಿ ಹೊಗೆಸೊಪ್ಪು ಕಟ್ಟಿದವರಿದ್ದಾರೆ. ಕೆಳಗೆ ತಂತಿಬಲೆ ಹಾಕಿಸುವುದು ನನಗೆ ಹೆಚ್ಚು ನಂಬಿಕೆಯ ದಾರಿ ಎನಿಸುತ್ತದೆ.

ತೊಂದರೆ ಬಂದು ಬಂದು ಹೋಗುತ್ತಿದ್ದರೆ ಬಾಯಿಮಾತು ಸಾಲದು. ದೀಪಗಳು ಹತ್ತಿದ ತಕ್ಷಣ ಪಕ್ಕದಲ್ಲಿರುವವರು ಮೊಬೈಲಿನಲ್ಲಿ ವಿಡಿಯೋ ತೆಗೆಯಲಿ. ದಿನಾಂಕ, ಕಿಲೋಮೀಟರ್ ಬರೆದಿಡಿ. ದೂರನ್ನು ನಿಮ್ಮ ಮಾತಿನಲ್ಲೇ ಜಾಬ್ ಕಾರ್ಡಿನಲ್ಲಿ ಬರೆಸಿ. ಕೋಡ್‌ಗಳನ್ನು ಅಳಿಸುವ ಮೊದಲು ಅವುಗಳ ಪ್ರತಿ ಕೇಳಿ. ಹಿಂದೆ ಕರೆಸಿಕೊಂಡ ಕಾರುಗಳಲ್ಲಿ ನಿಮ್ಮದೂ ಇದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ಷಾಸಿ ನಂಬರು ಹಾಕಿ ನೋಡಬಹುದು. 2021ರ ಏಪ್ರಿಲ್ 1ರಿಂದ, ದೋಷಗಳಿರುವ ವಾಹನಗಳನ್ನು ಹಿಂದಕ್ಕೆ ಕರೆಸಲು ಸರಕಾರವೇ ಕಂಪನಿಗೆ ಆದೇಶಿಸುವ ನಿಯಮವೂ ಜಾರಿಯಲ್ಲಿದೆ. ಇಷ್ಟಾದರೂ ಷೋರೂಮಿನವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಅಲ್ಲಿ ಕನ್ನಡದಲ್ಲೂ ದೂರು ಹೇಳಬಹುದು.