ವರ್ತಕರ ದಿನಾಂಕಗಳಿಗೂ ಬೇಕು ಒಂದೇ ಅಳತೆ

ವ್ಯಾಪಾರದಲ್ಲಿ ಸರಕಿಗೆ ಬೆಲೆಯಿರುವಂತೆ ದಿನಾಂಕಕ್ಕೂ ಬೆಲೆಯುಂಟು. ತೆರಿಗೆ ಕಟ್ಟಬೇಕಾದ ವರ್ತಕರು ಮಾಸಿಕ ಜಿಎಸ್‌ಟಿಆರ್-3ಬಿ ರಿಟರ್ನನ್ನು 20ನೇ ತಾರೀಖಿನೊಳಗೆ ಸಲ್ಲಿಸದಿದ್ದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕವನ್ನೂ, ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿಯನ್ನೂ ತೆರಬೇಕಾಗುತ್ತದೆ. ಹೀಗಿದ್ದರೂ ದಿನಾಂಕಗಳನ್ನು ಇಟ್ಟುಕೊಳ್ಳುವ ಕ್ರಮದ ಕಡೆಗೆ ಸಣ್ಣ ಉದ್ಯಮಿಗಳ ಗಮನ ಹರಿಯುವುದು ಕಡಿಮೆ.

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತವನ್ನು ನಂಬಿರುವ ಪೋತ್ನಾಳದ ಒಂದು ರೈಸ್ ಮಿಲ್ಲನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ಟಿಡಿಎಸ್ ಕಟ್ಟುವ 7, ಜಿಎಸ್‌ಟಿಆರ್-1ರ 11, ಭವಿಷ್ಯ ನಿಧಿಯ 15 ಇವೆಲ್ಲ ಮಾನ್ವಿಯಲ್ಲಿರುವ ಲೆಕ್ಕ ಪರಿಶೋಧಕರ ಕಂಪ್ಯೂಟರಿನಲ್ಲಿರುತ್ತವೆ. ಬ್ಯಾಂಕಿನ ಕಂತಿನ ದಿನ ಮಾಲೀಕರ ಮೊಬೈಲಿನಲ್ಲಿ, ಜೆಸ್ಕಾಂ ಬಿಲ್ಲಿನ ಕಡೆಯ ದಿನ ಗುಮಾಸ್ತರ ಗೋಡೆ ಕ್ಯಾಲೆಂಡರಿನಲ್ಲಿ, ರಾಯಚೂರಿನ ಖರೀದಿದಾರರಿಗೆ ಕೊಟ್ಟ ಉದ್ದರಿಯ ವಾಯಿದೆ ಲೆಕ್ಕದ ಸಾಫ್ಟ್‌ವೇರಿನಲ್ಲಿ. ಸರ್ಕಾರ ಒಂದು ಗಡುವನ್ನು ವಿಸ್ತರಿಸಿದರೆ ಅದು ಒಂದೆಡೆ ತಿದ್ದುಪಡಿಯಾಗಿ ಉಳಿದ ಮೂರೆಡೆ ಹಳೆಯದೇ ಉಳಿಯುತ್ತದೆ. ಸಾಫ್ಟ್‌ವೇರ್ ಬದಲಾಯಿಸಿದರಂತೂ ಅದರಲ್ಲಿದ್ದ ವಾಯಿದೆಗಳನ್ನು ಮತ್ತೆ ಕೈಯಿಂದ ನಮೂದಿಸಬೇಕಾಗುತ್ತದೆ.

ಊರಿಗೊಂದು ಸೇರು, ಪೇಟೆಗೊಂದು ಮಣ ಇದ್ದ ಕಾಲದಲ್ಲಿ ತೂಕದ ವಿಷಯದಲ್ಲಿಯೂ ಇದೇ ತೊಡಕಿತ್ತು. 1956ರ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆಯ ಮೂಲಕ 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂದು ಆ ತೊಡಕು ನೀಗಿತು. ಕಂಪ್ಯೂಟರಿನಲ್ಲಿರುವ ದಿನಾಂಕಗಳಿಗೂ ಅಂಥದೊಂದು ಸಮಾನ ಅಳತೆ ಈಗಾಗಲೇ ಸಿದ್ಧವಿದೆ. ಅದರ ಹೆಸರು ಐ-ಕ್ಯಾಲೆಂಡರ್.

ಮಾನಕ ಬೆಳೆದು ಬಂದ ಬಗೆ

1990ರ ದಶಕದ ಮಧ್ಯಭಾಗದಲ್ಲಿ ಆಪಲ್, ಎ.ಟಿ. ಅಂಡ್ ಟಿ., ಐಬಿಎಂ ಮತ್ತು ಸೀಮೆನ್ಸ್ ಸಂಸ್ಥೆಗಳ ‘ವರ್ಸಿಟ್’ ಒಕ್ಕೂಟವು ವಿ-ಕ್ಯಾಲೆಂಡರ್ ಎಂಬ ನಮೂನೆಯನ್ನು ರೂಪಿಸಿತು. ಅದರ ತಳಹದಿಯ ಮೇಲೆ ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್ 1998ರ ನವೆಂಬರಿನಲ್ಲಿ ಐ-ಕ್ಯಾಲೆಂಡರ್ ಮಾನಕವನ್ನು ಪ್ರಕಟಿಸಿತು. 2009ರ ಸೆಪ್ಟೆಂಬರಿನಲ್ಲಿ ಅದು ಪರಿಷ್ಕೃತಗೊಂಡು ಆರ್‌ಎಫ್‌ಸಿ 5545 ಆಯಿತು. ಸರ್ವರಿನಲ್ಲಿರುವ ಕ್ಯಾಲೆಂಡರನ್ನು ಹಲವರು ಓದಿ ತಿದ್ದಲು ಅನುವಾಗುವ ಕ್ಯಾಲ್‌ಡ್ಯಾವ್ 2007ರ ಮಾರ್ಚಿನಲ್ಲಿ ಬಂದಿತು. 2004ರಲ್ಲಿ ಸ್ಥಾಪನೆಯಾದ ಕ್ಯಾಲ್‌ಕನೆಕ್ಟ್ ಸಂಸ್ಥೆಯಲ್ಲಿ ಪರಸ್ಪರ ಸ್ಪರ್ಧಿಗಳಾದ ತಯಾರಕರೇ ಒಟ್ಟಿಗೆ ಕುಳಿತು, ಒಬ್ಬರ ಕ್ಯಾಲೆಂಡರ್ ಇನ್ನೊಬ್ಬರಲ್ಲಿ ಸರಿಯಾಗಿ ತೆರೆಯುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಈ ಮಾನಕಗಳನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಓದಿ ಅಳವಡಿಸಿಕೊಳ್ಳಬಹುದಾದ್ದರಿಂದಲೇ ಇವು ‘ಮುಕ್ತ’ ಎನಿಸಿವೆ.

ಕೆಲಸ ಮಾಡುವ ರೀತಿ

ಈ ಮಾನಕದಲ್ಲಿ ಪ್ರತಿ ನಮೂದಿಗೂ ಇನ್‌ವಾಯ್ಸ್ ನಂಬರಿನಂತೆ ಒಂದು ವಿಶಿಷ್ಟ ಗುರುತು ಇರುತ್ತದೆ. ಗಡುವು ಬದಲಾದಾಗ ಅದೇ ಗುರುತಿನ ಪರಿಷ್ಕೃತ ನಮೂದು ಬಂದರೆ ಹಳೆಯದು ತಿದ್ದಿಕೊಳ್ಳುತ್ತದೆ. ಎರಡೆರಡು ನಮೂದು ಉಳಿಯುವುದಿಲ್ಲ. ‘ಪ್ರತಿ ತಿಂಗಳ 20’ ಎಂಬುದನ್ನು ಒಂದೇ ನಿಯಮವಾಗಿ ಬರೆಯಬಹುದು.

ದಿನಾಂಕ ಬೇರೆ, ಸಮಯ ಬೇರೆ ಎಂಬ ಭೇದವೂ ಇಲ್ಲಿ ಸ್ಪಷ್ಟವಾಗಿದೆ. ಭಾರತೀಯ ಕಾಲಮಾನವು ಜಾಗತಿಕ ಕಾಲಮಾನಕ್ಕಿಂತ ಐದೂವರೆ ಗಂಟೆ ಮುಂದಿದೆ. ಗಡುವನ್ನು ‘20ರ ಮಧ್ಯರಾತ್ರಿ 00:00’ ಎಂದು ಸಮಯವಾಗಿ ಬರೆದರೆ ಜಾಗತಿಕ ಕಾಲಮಾನದಲ್ಲಿ ಅದು 19ರ 18:30 ಆಗುತ್ತದೆ. ಆದ್ದರಿಂದ ತೆರಿಗೆಯ ಗಡುವನ್ನು ಬರಿಯ ದಿನಾಂಕವಾಗಿಯೇ ನಮೂದಿಸುವುದು ಕ್ಷೇಮ.

ಮಾನಕದ ಮಿತಿಗಳು

ಮಾನಕವು ದಿನಾಂಕವನ್ನು ಸಾಗಿಸುತ್ತದೆಯೇ ಹೊರತು ಕಾನೂನನ್ನು ಅರ್ಥೈಸುವುದಿಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೇ ಕಲಮಿನ ಪ್ರಕಾರ ಪ್ರಾಮಿಸರಿ ನೋಟಿನ ವಾಯಿದೆ ಸಾರ್ವಜನಿಕ ರಜೆಯಂದು ಬಿದ್ದರೆ ಅದರ ಹಿಂದಿನ ಕೆಲಸದ ದಿನವೇ ಹಣ ಸಲ್ಲಬೇಕು. ಆದರೆ 1897ರ ಜನರಲ್ ಕ್ಲಾಸಸ್ ಕಾಯ್ದೆಯ 10ನೇ ಕಲಮಿನಂತೆ, ನ್ಯಾಯಾಲಯ ಅಥವಾ ಕಚೇರಿಯಲ್ಲಿ ಮಾಡಬೇಕಾದ ಕಾರ್ಯದ ಕಡೆಯ ದಿನ ಆ ಕಚೇರಿ ಮುಚ್ಚಿದ್ದರೆ ಮುಂದೆ ಅದು ತೆರೆಯುವ ದಿನ ಮಾಡಿದರೆ ಸಾಕು. ಒಂದು ಹಿಂದಕ್ಕೆ, ಇನ್ನೊಂದು ಮುಂದಕ್ಕೆ. ಯಾವುದು ಎಲ್ಲಿ ಅನ್ವಯಿಸುತ್ತದೆ ಎಂಬುದನ್ನು ತಿಳಿದವರೇ ನಿರ್ಧರಿಸಬೇಕು.

ಪಂಚಾಂಗದ್ದು ಮತ್ತೊಂದು ಮಾತು. ದೇಶದ ನಾನಾ ಪಂಚಾಂಗಗಳನ್ನು ಪರಿಶೀಲಿಸಲು 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಗಿ, 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಶಕ ಪಂಚಾಂಗ ಜಾರಿಗೆ ಬಂದಿತು. 2015ರ ಆರ್‌ಎಫ್‌ಸಿ 7529 ಎಂಬ ವಿಸ್ತರಣೆಯು ಗ್ರೆಗೋರಿಯನ್ ಅಲ್ಲದ ಕ್ಯಾಲೆಂಡರುಗಳಿಗೂ ಅವಕಾಶ ಕಲ್ಪಿಸಿದೆ. ಆದರೆ ಶಕ ಪಂಚಾಂಗ ಸೌರಮಾನದ್ದು. ಚಾಂದ್ರಮಾನದ ಯುಗಾದಿ, ಮಣ್ಣೆತ್ತಿನ ಅಮಾವಾಸ್ಯೆ, ದೀಪಾವಳಿಯ ಲಕ್ಷ್ಮೀಪೂಜೆಗಳ ತಿಥಿ ಅದರಿಂದ ದೊರೆಯದು. ಅವನ್ನು ವರ್ಷವರ್ಷವೂ ನೋಡಿ ಸೇರಿಸುವುದೇ ಸರಿಯಾದ ಮಾರ್ಗ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಲೆಕ್ಕದ ಸಾಫ್ಟ್‌ವೇರ್ ಕೊಳ್ಳುವ ಮುನ್ನ ಅದರಲ್ಲಿನ ವಾಯಿದೆಗಳನ್ನು ಐ-ಕ್ಯಾಲೆಂಡರ್ ಕಡತವಾಗಿ ಹೊರತೆಗೆಯಬಹುದೇ ಎಂದು ಕೇಳಬೇಕು.

2. ಒಮ್ಮೆ ಇಳಿಸಿಕೊಂಡ ಕಡತ ತಾನಾಗಿ ಬದಲಾಗದು. ಕೊಂಡಿಯ ಮೂಲಕ ಚಂದಾದಾರರಾದರೆ ಮೂಲದಲ್ಲಿ ಮಾಡಿದ ತಿದ್ದುಪಡಿ ಕಾಲಕಾಲಕ್ಕೆ ಮೊಬೈಲಿಗೂ ಬರುತ್ತದೆ. ಗಡುವುಗಳಿಗೆ ಎರಡನೆಯದೇ ಮೇಲು.

3. ತೆರಿಗೆಯ ಗಡುವುಗಳು ಎಲ್ಲರಿಗೂ ತೆರೆದಿರಬಹುದು. ಪಾರ್ಟಿಗಳ ಹೆಸರು, ಬಾಕಿ ಮೊತ್ತವಿರುವ ಕ್ಯಾಲೆಂಡರ್ ಪಾಸ್‌ವರ್ಡಿನ ರಕ್ಷಣೆಯಲ್ಲಿರಬೇಕು.

4. ಗಡುವುಗಳನ್ನು ತಿದ್ದುವ ಹೊಣೆ ಒಬ್ಬರದೇ ಆಗಿರಬೇಕು. ಉಳಿದವರು ಓದಿದರೆ ಸಾಕು.

ವಾಣಿಜ್ಯ ಸಂಘಗಳು ತೆರಿಗೆಯ ಗಡುವು ಮತ್ತು ರಜಾದಿನಗಳ ಒಂದೇ ಕ್ಯಾಲೆಂಡರನ್ನು ಈ ನಮೂನೆಯಲ್ಲಿ ಸದಸ್ಯರಿಗೆ ಒದಗಿಸಿದರೆ ರಾಯಚೂರು, ದೇವದುರ್ಗ, ಮಾನ್ವಿ, ಪೋತ್ನಾಳಗಳ ವರ್ತಕರು ಒಂದೇ ಪಟ್ಟಿಯನ್ನು ನೋಡುವಂತಾಗುತ್ತದೆ. ಇದಕ್ಕೆ ಹೊಸ ಯಂತ್ರ ಬೇಕಾಗಿಲ್ಲ. ಸಾಮಾನ್ಯವಾಗಿ ಬಳಕೆಯಲ್ಲಿರುವ ಮೊಬೈಲುಗಳೇ ಈ ನಮೂನೆಯನ್ನು ಓದಬಲ್ಲವು. ತಕ್ಕಡಿಯಂತೆ ದಿನಾಂಕವೂ ವರ್ತಕನ ಕೈಯಲ್ಲೇ ಇರಬೇಕು, ಸಾಫ್ಟ್‌ವೇರ್ ಮಾರಿದವರ ಕೈಯಲ್ಲಲ್ಲ.