ಎರಡು ಮಿಲಿಮೀಟರಿನಿಂದ ಬೀರು ಸೇರಿದ ಲೆನ್ಸ್

ರಾಗಿ ತೆನೆ ಬಲಿಯುವ ಹೊತ್ತಿಗೆ ಉದ್ದನಪಲ್ಲಿ ಪಕ್ಕದ ಸಾನಮಾವು ಕಾಡಿಗೆ ಆನೆಗಳು ಬರುತ್ತವೆ. ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ ಕಾಡು ಹಾದು ಬರುವ ಹಿಂಡುಗಳವು. ಹೊಲದವರು ರಾತ್ರಿಯಿಡೀ ನಿದ್ದೆಗೆಟ್ಟು ಬೆಳೆ ಕಾಯುತ್ತಾರೆ. ಅಂಥಲ್ಲಿಗೆ ಕ್ಯಾಮೆರಾ ಹಿಡಿದು ಹೋದವರು ದೂರದಲ್ಲೇ ನಿಲ್ಲಬೇಕು. ಆನೆಗೂ ಹೊಲದವರಿಗೂ ಅದೇ ಕ್ಷೇಮ. ದೂರ ನಿಂತರೆ ಉದ್ದನೆ ಲೆನ್ಸ್ ಬೇಕು. ಒಳ್ಳೆಯ ಹೊಸದರ ಬೆಲೆ ಲಕ್ಷ ದಾಟುತ್ತದೆ. ನನ್ನ ಬಳಿ ಇರುವುದು ಫಿಲ್ಮ್ ಕಾಲದ ಕ್ಯಾನನ್ ಎಫ್‌ಡಿ 300 ಮಿ.ಮೀ.

ಮುಂದೆ ಉಬ್ಬುಗಾಜು, ಹಿಂದೆ ತಗ್ಗುಗಾಜು: ದೂರದ್ದನ್ನು ಹತ್ತಿರ ತಂದು, ಲೆನ್ಸನ್ನೂ ಗಿಡ್ಡವಾಗಿಸುವ ಈ ಉಪಾಯಕ್ಕೆ ಲಂಡನ್ನಿನ ಥಾಮಸ್ ಡಾಲ್‌ಮೇಯರ್ 1891ರಲ್ಲೇ ರೂಪ ಕೊಟ್ಟರು. ನಮ್ಮಲ್ಲಿ ಅಂಥ ಲೆನ್ಸನ್ನು ಕಾಡಿಗೆ ಹೊತ್ತವರು ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥವರು. ಒಂದು ರೋಲಿಗೆ 36 ಚಿತ್ರ. ಫೋಕಸ್ ಕೂತಿತೋ ಇಲ್ಲವೋ ತಿಳಿಯುವುದು ರೋಲ್ ತೊಳೆದ ಮೇಲೆ. ಆ ಚಿತ್ರಗಳನ್ನು ಈಗ ನೋಡುವಾಗ ಬೆರಳುಗಳ ಆ ಅಂದಾಜಿಗೆ ಕೈಮುಗಿಯಬೇಕೆನಿಸುತ್ತದೆ.

1987ರಲ್ಲಿ ಕ್ಯಾನನ್ ತನ್ನ ಮೌಂಟನ್ನೇ ಬದಲಿಸಿತು. ಎಫ್‌ಡಿ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಳೆಗೂ ಫಿಲ್ಮಿಗೂ ನಡುವೆ 42 ಮಿ.ಮೀ. ಇತ್ತು, ಹೊಸ ಇಒಎಸ್‌ನಲ್ಲಿ ಅದು 44 ಆಯಿತು. ಹಳೆ ಲೆನ್ಸನ್ನು ಹೇಗೋ ಹೊಂದಿಸಿ ಕೂರಿಸಿದರೂ ಫಿಲ್ಮಿಗೆ ಸಾಕಷ್ಟು ಹತ್ತಿರ ಬಾರದು. ಹತ್ತಿರದ ಹೂವು ಸ್ಪಷ್ಟ, ದೂರದ ಆನೆ ಮಸುಕು. ದೂರ ನೋಡಲೆಂದೇ ಹುಟ್ಟಿದ ಲೆನ್ಸಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದು? ನಡುವೆ ಇನ್ನೊಂದು ಗಾಜು ಸೇರಿಸುವ ಅಡಾಪ್ಟರುಗಳು ಬಂದವು, ಅವು ಚಿತ್ರವನ್ನು ಮಂಕಾಗಿಸಿದವು. ಡಿಜಿಟಲ್ ಬಂದ ಮೇಲೂ ಕ್ಯಾನನ್‌ನಲ್ಲಿ ಆ 44 ಮಿ.ಮೀ. ಹಾಗೇ ಉಳಿಯಿತು. ಎಷ್ಟೋ ಎಫ್‌ಡಿ ಲೆನ್ಸುಗಳು ಬೀರುಗಳಲ್ಲೇ ಬೂಷ್ಟು ಹಿಡಿದವು.

ಅಷ್ಟು ಜಾಗವನ್ನು ಕ್ಯಾಮೆರಾದೊಳಗೆ ಆಕ್ರಮಿಸಿದ್ದದ್ದು ಮೇಲೆ ಕೆಳಗೆ ಬಡಿಯುವ ಕನ್ನಡಿ. 2008ರಲ್ಲಿ ಪ್ಯಾನಸೋನಿಕ್ ಜಿ1 ಆ ಕನ್ನಡಿಯನ್ನೇ ತೆಗೆದುಹಾಕಿತು. 2010ರಲ್ಲಿ ಬಂದ ಸೋನಿ ನೆಕ್ಸ್‌ನಲ್ಲಿ ಅಂತರ ಬರೀ 18 ಮಿ.ಮೀ. 42ರಲ್ಲಿ 18 ಕಳೆದರೆ 24. ಅಷ್ಟುದ್ದದ ಖಾಲಿ ಲೋಹದ ಕೊಳವೆ ಸಾಕು, ಗಾಜೇ ಬೇಡ. ಎರಡು ಮಿ.ಮೀ. ಕಿತ್ತುಕೊಂಡದ್ದನ್ನು ಈ ಕೊಳವೆ ಮರಳಿಸಿತು. 2014ರ ಸೋನಿ ಎ7 ಮಾರ್ಕ್ 2ರಲ್ಲಿ ಸೆನ್ಸರೇ ಅಲುಗಿ ಕೈನಡುಕವನ್ನು ಸರಿದೂಗಿಸತೊಡಗಿತು. ಮೆನುವಿನಲ್ಲಿ ಲೆನ್ಸಿನ ಫೋಕಲ್ ಲೆಂತ್ 300 ಎಂದು ತುಂಬಿದರಾಯಿತು. ಪೆರುಮಾಳ್ ಅವರ ಪೀಳಿಗೆಗೆ ಕನಸಿನಲ್ಲೂ ಇಲ್ಲದ ಅನುಕೂಲ.

ಕೊರತೆಗಳಿವೆ. ಬೆಳಗಿನ ಆಕಾಶದ ಎದುರು ದಂತದ ಅಂಚಿಗೆ ನೇರಳೆ ಗೆರೆ ಹತ್ತುತ್ತದೆ. ಅಪರ್ಚರನ್ನು ಎಂಟಕ್ಕೆ ಇಳಿಸಿದರೆ ಚಿತ್ರ ಒಟ್ಟಾರೆ ಬಿಗಿಯಾಗುತ್ತದೆ, ಗೆರೆ ಪೂರ್ತಿ ಹೋಗದು. ಫೋಕಸನ್ನು ಕೈಯಿಂದಲೇ ತಿರುಗಿಸಬೇಕಾದ್ದರಿಂದ ಹಾರುವ ಹಕ್ಕಿಯಂತೂ ನನ್ನ ಕೈಗೆ ಅಪರೂಪಕ್ಕೆ ಸಿಗುತ್ತದೆ. ಕೊಳ್ಳುವವರು ಹಿಂದಿನಿಂದ ಟಾರ್ಚ್ ಹಾಯಿಸಿ ನೋಡಲೇಬೇಕು; ಬೂಷ್ಟು ಜೇಡನ ಬಲೆಯಂತೆ ಹೊಳೆಯುತ್ತದೆ.

ಹಕ್ಕಿಯಂತಲ್ಲ, ಆನೆ ನಿಧಾನಿ. ಫೋಕಸ್ ಬಳೆಯನ್ನು ಸಾವಕಾಶವಾಗಿ ತಿರುಗಿಸುತ್ತೇನೆ. ಫೋಕಸ್ ಕೂತ ಅಂಚುಗಳಲ್ಲಿ ಪರದೆಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಅದು ಮೊದಲು ರಾಗಿ ತೆನೆಗಳ ಮೇಲೆ ಹರಿಯುತ್ತದೆ, ಆಮೇಲೆ ಬೇಲಿಯ ಲಂಟಾನದ ಮೇಲೆ, ಕೊನೆಗೆ ಬಂದು ಒಂದು ಹರಿದ ಕಿವಿಯಂಚಿನಲ್ಲಿ ನಿಲ್ಲುತ್ತದೆ.