ಮೂರು ಗುಂಡು ಹೇಳದ ಸತ್ಯ

ಅಮೆರಿಕದ ಗುರಿಕಾರರಲ್ಲಿ ಒಂದು ಹವ್ಯಾಸವಿದೆ. ಅಂಗಡಿಯ ಕಾಡತೂಸುಗಳನ್ನೇ ನೆಚ್ಚಿಕೊಳ್ಳದೆ, ತಮ್ಮ ರೈಫಲ್ಲಿಗೆ ಒಗ್ಗುವಂಥವನ್ನು ಅವರು ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳುತ್ತಾರೆ. ಒಮ್ಮೆ ಬಳಸಿದ ಹಿತ್ತಾಳೆಯ ಕೋಶಕ್ಕೆ ಹೊಸ ಪ್ರೈಮರ್ ಹಾಕಿ, ಮದ್ದನ್ನು ತೂಗಿ ತುಂಬಿ, ಮೇಲೆ ಗುಂಡನ್ನು ಕೂರಿಸುವ ಕೆಲಸವದು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಅದು ಸರಿಯೂ ಹೌದು. ಆದರೆ ಆ ಹವ್ಯಾಸಿಗಳ ನಡುವಿನ ಒಂದು ವಾದ, ಅರ್ಥಶಾಸ್ತ್ರ ಓದಿ ಆಡಳಿತದಲ್ಲಿ ಆಯುಷ್ಯ ಕಳೆದ ನನ್ನಂಥವನಿಗೆ ತೀರ ಪರಿಚಿತವೆನಿಸಿತು.

ಅವರ ಪ್ರಶ್ನೆ ಇಷ್ಟೆ: ಎಷ್ಟು ಮದ್ದು ತುಂಬಿದರೆ ಗುಂಡುಗಳು ಒಂದೇ ಕಡೆ ನಾಟುತ್ತವೆ? ಇದಕ್ಕೆ ಬಳಕೆಯಲ್ಲಿರುವ ವಿಧಾನಗಳು ಸರಳವಾಗಿವೆ. ತಯಾರಕರ ಕೈಪಿಡಿ ವಿಧಿಸಿದ ಮಿತಿಯೊಳಗೆ ಮದ್ದಿನ ಪ್ರಮಾಣವನ್ನು ಕೂದಲೆಳೆಯಷ್ಟು ಹೆಚ್ಚಿಸುತ್ತ ಗುಂಡು ಹಾರಿಸುವುದು. ಯಾವ ಪ್ರಮಾಣದಲ್ಲಿ ಗುಂಡುಗಳು ಒತ್ತಾಗಿ ಬಿದ್ದವೋ ಅದನ್ನು ಆರಿಸುವುದು. ಕ್ರೈಟನ್ ಆಡೆಟ್ ಎಂಬ ಗುರಿಕಾರರ ಹೆಸರಿನೊಡನೆ ಬೆಸೆದಿರುವ ‘ಏಣಿ ಪರೀಕ್ಷೆ’ಯಲ್ಲಿ ಪ್ರತಿ ಮೆಟ್ಟಿಲಿಗೆ ಒಂದೇ ಗುಂಡು. ಹಲವರು ತಲಾ 3 ಹಾರಿಸುತ್ತಾರೆ. ಮೂರೂ ಒಂದೇ ತೂತಿನಲ್ಲಿ ಹೋದರೆ ಹುಡುಕಾಟ ಮುಗಿದಂತೆ.

ಮುಗಿಯುವುದಿಲ್ಲ ಎನ್ನುತ್ತದೆ ಸಂಖ್ಯಾಶಾಸ್ತ್ರ. ಮೂರು ಹೊಡೆತಗಳಿಂದ ಗುಂಡಿನ ವೇಗದ ಮಾನಕ ವಿಚಲನೆ ಸೆಕೆಂಡಿಗೆ 10 ಅಡಿ ಎಂದು ಅಳೆದಿರೆನ್ನಿ. ಶೇ 95ರ ವಿಶ್ವಾಸದಲ್ಲಿ ಹೇಳಬಹುದಾದುದು, ನಿಜವಾದ ವಿಚಲನೆ 5 ಅಡಿಯಿಂದ 63 ಅಡಿಯವರೆಗೆ ಎಲ್ಲಿಯಾದರೂ ಇರಬಹುದು ಎಂದಷ್ಟೆ. ಇದನ್ನು ಅಳತೆ ಎನ್ನಲಾಗದು. 30 ಹೊಡೆತಗಳಿಂದ ಅದೇ 10 ಅಡಿ ಬಂದಿದ್ದರೆ ವ್ಯಾಪ್ತಿ 8ರಿಂದ 13ಕ್ಕೆ ಇಳಿಯುತ್ತದೆ. ಒಂದೇ ರೈಫಲ್ಲಿನಿಂದ, ಒಂದೇ ಬಗೆಯ ಕಾಡತೂಸಿನಿಂದ, ತಲಾ ಮೂರು ಹೊಡೆತಗಳ ಹತ್ತು ಗುಂಪುಗಳನ್ನು ಹಾರಿಸಿದರೂ ಅತಿ ಚಿಕ್ಕದು ಅತಿ ದೊಡ್ಡದರ ಅರ್ಧಕ್ಕಿಂತ ಕಿರಿದಾಗಿರುವುದು ಸಾಮಾನ್ಯ. ಅಲ್ಲಿ ಗೆದ್ದದ್ದು ಮದ್ದಿನ ಪ್ರಮಾಣವಲ್ಲ, ಅದೃಷ್ಟ.

ಈ ಎಚ್ಚರಿಕೆ ಹೊಸದಲ್ಲ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್, ಚಿಕ್ಕ ಮಾದರಿಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬರೆದು ತೋರಿಸಿದರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗೆ ಮದ್ದುಗುಂಡುಗಳ ಪರೀಕ್ಷೆಯಲ್ಲಿ ಎಷ್ಟು ಹೊಡೆತ ಸಾಕೆಂಬ ಪ್ರಶ್ನೆ ಎದುರಾದಾಗ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಅಬ್ರಹಾಂ ವಾಲ್ಡ್ 1943ರಲ್ಲಿ ಅದಕ್ಕೊಂದು ಉತ್ತರ ಕಂಡುಕೊಂಡರು. ಪ್ರತಿ ಹೊಡೆತದ ಬಳಿಕ ಲೆಕ್ಕ ಹಾಕಿ ಒಪ್ಪುವುದು, ತಳ್ಳುವುದು ಅಥವಾ ಮುಂದುವರಿಸುವುದು. ಹೊಡೆತಗಳು ಉಳಿಯುತ್ತವೆ, ಆದರೆ ನಿಲ್ಲಿಸುವ ನಿಯಮವನ್ನು ಮೊದಲೇ ಬರೆದಿಡಬೇಕು, ಫಲಿತಾಂಶ ಕಂಡು ಹಿಗ್ಗಿದ ಮೇಲಲ್ಲ. ಆ ವಾಲ್ಡ್, ಭಾರತದಲ್ಲಿ ಉಪನ್ಯಾಸ ನೀಡಲು ಬಂದು, 1950ರ ಡಿಸೆಂಬರಿನಲ್ಲಿ ನೀಲಗಿರಿಯ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ನಮ್ಮ ಕಚೇರಿಗಳಲ್ಲಿಯೂ ನಡೆಯುವುದು ಮೂರು ಗುಂಡಿನ ಪರೀಕ್ಷೆಯೇ. ಪ್ರಾಯೋಗಿಕ ಯೋಜನೆಯೊಂದನ್ನು ಮೂರು ಗ್ರಾಮಗಳಲ್ಲಿ ಆರಂಭಿಸುತ್ತೇವೆ. ಒಂದು ಚೆನ್ನಾಗಿ ನಡೆಯುತ್ತದೆ. ಅದನ್ನು ‘ಮಾದರಿ’ ಎಂದು ಕರೆದು ಮರುವರ್ಷ ರಾಜ್ಯಕ್ಕೆಲ್ಲ ವಿಸ್ತರಿಸುತ್ತೇವೆ. ನಿರೀಕ್ಷಿತ ಫಲ ಬಾರದಿದ್ದಾಗ ಅನುಷ್ಠಾನದ ಲೋಪವೆಂದು ಕಡತದಲ್ಲಿ ದಾಖಲಿಸುತ್ತೇವೆ. ಮೊದಲ ಯಶಸ್ಸೇ ಆಕಸ್ಮಿಕವಾಗಿರಬಹುದೆಂಬ ಟಿಪ್ಪಣಿಯನ್ನು ನಾನು ಕಡತಗಳಲ್ಲಿ ಕಂಡದ್ದು ವಿರಳ. ಎಸ್ಸೆಸ್ಸೆಲ್ಸಿ ಫಲಿತಾಂಶವನ್ನೇ ನೋಡಿ. ಹತ್ತು ಮಕ್ಕಳಿರುವ ಹಳ್ಳಿಯ ಶಾಲೆಯಲ್ಲಿ ಒಬ್ಬ ಬಾಲಕ ಅನುತ್ತೀರ್ಣನಾದರೆ ಫಲಿತಾಂಶ ಶೇ 10ರಷ್ಟು ಕುಸಿಯುತ್ತದೆ. ಇನ್ನೂರು ಮಕ್ಕಳ ಶಾಲೆಯಲ್ಲಿ ಶೇ ಅರ್ಧದಷ್ಟು. ಆದ್ದರಿಂದ ಪಟ್ಟಿಯ ತುದಿಯಲ್ಲಿಯೂ ಬುಡದಲ್ಲಿಯೂ ಚಿಕ್ಕ ಶಾಲೆಗಳೇ ಹೆಚ್ಚಾಗಿ ಕಾಣಿಸುವುದು ಸಹಜ. ಒಂದು ವರ್ಷದ ಅಂಕಿಯನ್ನು ಹಿಡಿದು ಒಬ್ಬ ಮುಖ್ಯೋಪಾಧ್ಯಾಯರಿಗೆ ಹಾರ, ಇನ್ನೊಬ್ಬರಿಗೆ ನೋಟಿಸು ಕೊಡುವುದರಲ್ಲಿ ನ್ಯಾಯವಿಲ್ಲ.

ಗುಂಡಿಗೆ ಹಣ ಬೇಕು, ಆಡಳಿತಕ್ಕೆ ಮಾರ್ಚ್ 31ರ ಗಡುವಿದೆ ಎಂಬ ಆಕ್ಷೇಪವನ್ನು ನಾನು ಬಲ್ಲೆ. ಆದರೆ ಪರಿಹಾರಕ್ಕೆ ಹೆಚ್ಚು ಹಣವೇ ಬೇಕೆಂದಿಲ್ಲ. ಹತ್ತು ಪ್ರಮಾಣಗಳಿಗೆ ತಲಾ 3ರಂತೆ 30 ಗುಂಡು ವ್ಯಯಿಸುವ ಬದಲು, ಎರಡನ್ನು ಆಯ್ದು ತಲಾ 15 ಹಾರಿಸಬಹುದು. ವೆಚ್ಚ ಅಷ್ಟೇ, ತಿಳಿವಳಿಕೆ ಹೆಚ್ಚು. ಗೆದ್ದದ್ದನ್ನು ಇನ್ನೊಂದು ದಿನ ಮತ್ತೆ ಪರೀಕ್ಷಿಸಬಹುದು. ಎರಡರ ನಡುವೆ ವ್ಯತ್ಯಾಸ ಕಾಣದಿದ್ದರೆ ಅದೂ ಉಪಯುಕ್ತ ಸುದ್ದಿಯೇ. ಹುಡುಕಾಟ ನಿಲ್ಲಿಸಿ ಗುರಿಯ ಅಭ್ಯಾಸಕ್ಕೆ ತೊಡಗಬಹುದು. ಹಾಗೆಯೇ ಹತ್ತು ಯೋಜನೆಗಳನ್ನು ಚೂರುಚೂರಾಗಿ ಪ್ರಯೋಗಿಸುವ ಬದಲು ಎರಡನ್ನು ಸಾಕಷ್ಟು ಗ್ರಾಮಗಳಲ್ಲಿ, ಯೋಜನೆಯಿಲ್ಲದ ಗ್ರಾಮಗಳೊಡನೆ ಹೋಲಿಸಿ, ಎರಡು ವರ್ಷ ನೋಡಬಹುದು. ಶಾಲೆಯನ್ನು ಮೂರು ವರ್ಷಗಳ ಸರಾಸರಿಯಿಂದ ಅಳೆಯಬಹುದು.

ಸರಳತೆ ಒಳ್ಳೆಯ ಗುಣ. ಆದರೆ ಬದಲಿಸುವ ಸಂಗತಿಗಳನ್ನು ಕಡಿಮೆ ಮಾಡುವುದು ಒಂದು ಬಗೆಯ ಸರಳತೆ, ಸಾಕ್ಷ್ಯವನ್ನು ಕಡಿಮೆ ಮಾಡುವುದು ಇನ್ನೊಂದು. ಮೊದಲನೆಯದು ವಿವೇಕ, ಎರಡನೆಯದು ಅವಸರ. ಗುರಿಕಾರನ ಅವಸರಕ್ಕೆ ಒಂದಿಷ್ಟು ಮದ್ದು ವ್ಯರ್ಥವಾದೀತು. ಸರ್ಕಾರದ ಅವಸರದ ಬೆಲೆ ತೆರುವವರು ಪರೀಕ್ಷೆಯ ಹೊತ್ತಿನಲ್ಲಿ ಸ್ಥಳದಲ್ಲಿಯೇ ಇಲ್ಲದ ಬಡವರು.